ಮಾವ ಕೂತರೆ ಮಾತ್ರ ಬ್ರೇಕು ಹಿಡಿಯಲ್ಲ

ಡ್ರಾಯಿಂಗ್ ಮೇಷ್ಟ್ರ ಹಳೇ ಜೀಪಿಗೆ ಬ್ರೇಕ್ ಇರಲಿಲ್ಲ ಅಂತಲ್ಲ. ಇತ್ತು, ಆದರೆ ಅದಕ್ಕೆ ಮೂಡ್ ಬರಬೇಕಿತ್ತು. ಹತ್ತು ಸಲ ಬೆಣ್ಣೆಯ ಹಾಗೆ ಇಳಿಯುವ ಪೆಡಲು ಹನ್ನೊಂದನೇ ಸಲ ಕಲ್ಲಾಗಿ ಕೂರುತ್ತಿತ್ತು. ಆಗ ಮೇಷ್ಟ್ರು ಸ್ಟೇರಿಂಗಿಗೆ ನೇತಾಡಿಕೊಂಡು ಎರಡೂ ಕಾಲಲ್ಲಿ ತುಳಿದರೆ, ಗಾಡಿ ‘ಯೋಚಿಸಿ ಹೇಳ್ತೀನಿ’ ಅನ್ನುವಂತೆ ನಿಧಾನಕ್ಕೆ ನಿಲ್ಲುತ್ತಿತ್ತು.

ನಾಲ್ಕೂ ಚಕ್ರ ಎಳೆಯುವ ಗಾಡಿ, ಮೇಷ್ಟ್ರಿಗಿಂತ ಆರೇ ವರ್ಷ ಚಿಕ್ಕದು. ಅವರ ಜೀವವೆಲ್ಲ ಅದರಲ್ಲೇ. ಹೆಂಡತಿ ಅದನ್ನು ಸವತಿ ಅಂತಲೇ ಕರೆಯುತ್ತಿದ್ದಳು. ಹೋದ ವಾರ ಸವತಿ ಎದುರು ಮನೆ ಟೈಲರ್‌ನ ಬಾಗಿಲು ತಟ್ಟಿ ಬಂದ ಮೇಲೆ ಹೆಂಡತಿಯ ತೀರ್ಪು ಹೊರಬಿತ್ತು: ಭಾನುವಾರ ಸಂಜೆ ಐದಕ್ಕೆ ಗುಜರಿಯವನು ಬರುತ್ತಾನೆ. ಅಷ್ಟರೊಳಗೆ ಅಪ್ಪ ಗಾಡಿಯಲ್ಲಿ ಕೂತು ‘ಸರಿಯಿದೆ’ ಅಂದರೆ ಉಳಿಯಿತು, ಇಲ್ಲದಿದ್ದರೆ ಹೋಯಿತು.

ಅಪ್ಪ ಅಂದರೆ ಮೇಷ್ಟ್ರ ಮಾವ. ಮೂವತ್ತೆರಡು ವರ್ಷ ಬಸ್ ಓಡಿಸಿ, ಒಂದು ಕೋಳಿಗೂ ತಾಗಿಸದೆ ರಿಟೈರ್ ಆದವರು.

ಭಾನುವಾರ ಬೆಳಗ್ಗೆಯೇ ಮೆಕ್ಯಾನಿಕ್ ಬಂದ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕು ಸಲ ತುಳಿದ, ಕಾಲು ಒತ್ತಿಕೊಂಡೇ ಸ್ಟಾರ್ಟ್ ಮಾಡಿದ. ಪೆಡಲು ಮೆಲ್ಲಗೆ ಕೆಳಗಿಳಿಯಿತು. ಎಂಜಿನ್ನು ಗಾಳಿ ಹೀರಿಕೊಂಡರೇನೇ ಬ್ರೇಕಿಗೆ ಬಲ, ಎಲ್ಲಾದರೂ ಗಾಳಿ ಒಳಗೆ ನುಗ್ಗಿದರೆ ಕಾಲು ಅನಾಥ ಅಂತ ವಿವರಿಸಿದ. ಗಾಳಿ ಹೋಗುವ ಪೈಪ್ ಬದಲಾಯಿಸಿದ, ವಾಲ್ವ್ ಬದಲಾಯಿಸಿದ, ಬೀದಿಯಲ್ಲಿ ಹತ್ತು ಸುತ್ತು ಹೊಡೆದ. ಬ್ರೇಕು ಬೆಣ್ಣೆ.

ಕೊರಳಿಗೆ ಟೇಪ್ ಹಾಕಿಕೊಂಡೇ ಬಂದ ಟೈಲರ್, ಎಲ್ಲ ರೋಗಕ್ಕೂ ಎಣ್ಣೆಯೇ ಮದ್ದು ಅಂತ ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಪೆಡಲಿಗೆ ಸುರಿದ. ಅದನ್ನು ಒರೆಸೋದಕ್ಕೇ ಮೆಕ್ಯಾನಿಕ್‌ಗೆ ಅರ್ಧ ಗಂಟೆ ಹಿಡಿಯಿತು.

ಆಮೇಲೆ ಮಾವ ಹತ್ತಿ ಮೇಷ್ಟ್ರ ಪಕ್ಕ ಕೂತರು. ಮೊದಲ ತಿರುವಿನಲ್ಲೇ ಪೆಡಲು ಕಲ್ಲು. ಇಸ್ತ್ರಿಯವನ ಗಾಡಿ ಕೂದಲೆಳೆಯಲ್ಲಿ ಉಳಿಯಿತು. ಮೆಕ್ಯಾನಿಕ್ ಒಬ್ಬನೇ ಓಡಿಸಿದ, ಬೆಣ್ಣೆ. ಮಾವ ಕೂತರು, ಕಲ್ಲು. ಮಧ್ಯಾಹ್ನವಿಡೀ ಇದೇ ಆಯಿತು.

“ಗಾಡಿಗೆ ನಿಮ್ಮ ಮಾವನ್ನ ಕಂಡ್ರೆ ಆಗಲ್ಲ ಮೇಷ್ಟ್ರೇ,” ಅಂದ ಟೈಲರ್, ಇಡೀ ಬೀದಿಗೆ ಕೇಳುವ ಹಾಗೆ. ಮಾವನ ಮುಖ ಊದಿತು.

“ಸವತಿ ಅಲ್ವಾ, ನಮ್ಮಪ್ಪನ್ನ ಕಂಡ್ರೆ ಹೇಗಾಗುತ್ತೆ,” ಅಂದಳು ಹೆಂಡತಿ, ಗೇಟಿನಿಂದಲೇ.

ನಾಲ್ಕೂವರೆಗೆ ಮೆಕ್ಯಾನಿಕ್ ಹಿಂದಿನ ಸೀಟಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದ. ತಿರುವು ಬಂತು. ಮೇಷ್ಟ್ರ ಕಾಲು ಪೆಡಲಿಗೆ ಹೋಗುವ ಮೊದಲೇ ಮಾವನ ಬಲಗಾಲು ಎದುರಿನ ಮ್ಯಾಟನ್ನು ಧಡ್ ಅಂತ ತುಳಿಯಿತು. ಅಲ್ಲಿ ಪೆಡಲು ಇರಲಿಲ್ಲ. ಮೂವತ್ತೆರಡು ವರ್ಷದ ಕಾಲಿಗೆ ಅದು ಹೇಗೆ ಗೊತ್ತಾಗಬೇಕು.

ಮಾವ ಕಾಫಿ ಕುಡಿಯಲು ಇಳಿದಾಗ ಮೆಕ್ಯಾನಿಕ್ ಮ್ಯಾಟ್ ಎತ್ತಿದ. ತಗಡು ತುಕ್ಕು ಹಿಡಿದು ಹಳೇ ಕಾಗದದಂತಾಗಿತ್ತು. ಅದರಡಿಯಲ್ಲಿ ಅದೇ ಗಾಳಿ ಪೈಪಿನ ಒಂದು ಕವಲು, ಬಿರುಕು ಬಿಟ್ಟದ್ದು. ಮೇಲಿಂದ ತುಳಿದಾಗಲೆಲ್ಲ ಬಿರುಕು ಬಾಯಿ ತೆರೆಯುತ್ತಿತ್ತು. ಅಂದರೆ ಮಾವ ಬ್ರೇಕ್ ಹಾಕಿದಾಗಲೆಲ್ಲ ಮೇಷ್ಟ್ರ ಬ್ರೇಕ್ ಹೋಗುತ್ತಿತ್ತು.

“ಆ ಪೈಪ್ ನಾಳೆ ಅಂಗಡಿ ತೆಗೆದ್ಮೇಲೇ ಸಾರ್,” ಅಂತ ಮೆಕ್ಯಾನಿಕ್ ಪಿಸುಗುಟ್ಟಿದ. “ಇವತ್ತು ಅಲ್ಲಿ ಯಾರೂ ತುಳೀದೆ ಇದ್ರೆ ಸಾಕು.”

ಆದರೆ ಮಾವನಿಗೆ ‘ಕಾಲು ಸುಮ್ನೆ ಇಟ್ಕೊಳ್ಳಿ’ ಅಂತ ಹೇಳುವ ಅಳಿಯ ಇನ್ನೂ ಹುಟ್ಟಿರಲಿಲ್ಲ. ಮೇಷ್ಟ್ರು ತಲೆ ಕೆರೆದುಕೊಂಡರು. ಉಪಾಯ ಹೊಳೆದು ಮುಖ ಅರಳಿತು.

“ಮಾವ, ಈ ಸಲ ನೀವೇ ಓಡ್ಸಿ ನೋಡಿ. ನಿಮ್ಮ ಕಾಲಿಗೆ ಗೊತ್ತಾಗದೇ ಇರೋದು ಏನಿದೆ.”

ಮಾವ ಹತ್ತು ವರ್ಷ ಚಿಕ್ಕವರಾಗಿ ಡ್ರೈವರ್ ಸೀಟಿಗೆ ಏರಿದರು. ಮೇಷ್ಟ್ರು ಪಕ್ಕದಲ್ಲಿ, ಮೆಕ್ಯಾನಿಕ್ ಹಿಂದೆ. ಲೇಟಾದ ಬಸ್ಸಿನಂತೆ ಜೀಪು ಹಾರಿತು. ಮೊದಲ ತಿರುವು, ಬೆಣ್ಣೆ. ಎರಡನೆಯದು, ಬೆಣ್ಣೆ.

“ಚೆನ್ನಾಗೇ ಇದೆಯಲ್ರೀ,” ಅಂದರು ಮಾವ. ಮೇಷ್ಟ್ರು ಮನಸ್ಸಿನಲ್ಲೇ ಜೀಪಿಗೆ ಹೊಸ ಬಣ್ಣ ಬಳಿಯತೊಡಗಿದರು.

ಕೊನೆಯ ತಿರುವು, ಮನೆಯ ಬೀದಿ. ಗುಜರಿಯವನು ತನ್ನ ಟೆಂಪೋವನ್ನು ನಡುರಸ್ತೆಯಲ್ಲೇ ನಿಲ್ಲಿಸಿದ್ದ. ಮಾವ ವೇಗ ಇಳಿಸಲಿಲ್ಲ. ಕೊನೇ ಗಳಿಗೆಯಲ್ಲಿ ಒಂದೇ ಸಲ ಬ್ರೇಕ್ ಹಾಕುವುದು ಅವರ ಶೈಲಿ. ಟೆಂಪೋ ದೊಡ್ಡದಾಗುತ್ತಾ ಬಂತು. ಮೇಷ್ಟ್ರು ಕಣ್ಣು ಮುಚ್ಚಿದರು.

ಪೆಡಲು ಕಲ್ಲಾಯಿತು. ಮಾವ ಸ್ಟೇರಿಂಗಿಗೆ ನೇತಾಡಿದರು. ಜೀಪು ಟೆಂಪೋದ ಬೆನ್ನಿಗೆ ಮೆತ್ತಗೆ ಮುತ್ತಿಟ್ಟು ನಿಂತಿತು.

ಮಾವ ಇಳಿದು, ಬೆವರು ಒರೆಸಿಕೊಂಡು, ಕೀಲಿಯನ್ನು ಗುಜರಿಯವನ ಕೈಗೇ ಕೊಟ್ಟರು. “ತಗೊಂಡ್ಹೋಗಪ್ಪ. ಅಳಿಯಂದ್ರೇ, ಬೇಜಾರ್ ಮಾಡ್ಕೋಬೇಡಿ. ನಾನಾಗಿದ್ದಕ್ಕೆ ನಿಲ್ಲಿಸ್ದೆ.”

ಮೇಷ್ಟ್ರು ಸೀಟಲ್ಲೇ ಕೂತು ಹಿಂದೆ ತಿರುಗಿದರು. “ಮಾವ ಆ ಕಡೆ ಕೂತಿದ್ರಲ್ಲಪ್ಪ. ಮತ್ತೆ ಇಲ್ಲಿ ತುಳಿದೋರು ಯಾರು?”

ಮೆಕ್ಯಾನಿಕ್ ಮುಂದಕ್ಕೆ ಬಾಗಿ ಕೆಳಗೆ ನೋಡಿದ.

“ಮೊದ್ಲು ಕಾಲು ತೆಗೀರಿ ಸಾರ್. ನಿಮ್ಮ ಶೂ ತಗಡಿನಿಂದ ಆಚೆ ಹೋಗಿದೆ.”