ಸವಣೂರು ಖಾರ ಕಲಿಸಿದ ಸಾಫ್ಟ್‌ವೇರ್

ಇಂಟರ್ನ್‌ಶಿಪ್ ಎಂದರೆ ಎಸಿ ರೂಮು, ಕುತ್ತಿಗೆಗೆ ಗುರುತಿನ ಚೀಟಿ ಎಂದುಕೊಂಡವರಿಗೇ ಇಂಥವೆಲ್ಲ ಗಂಟು ಬೀಳುವುದು. ಶಿಗ್ಗಾಂವದ ನಮ್ಮ ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಮುಗಿಸಿದವರು ಕಿರಿಯರ ಮುಂದೆ ನಿಂತು ಕಲಿತದ್ದನ್ನು ಹೇಳಬೇಕು. ಗೆಳತಿಯರು ದೊಡ್ಡ ದೊಡ್ಡ ಮಾತು ಆಡಿದರು. ನಾನು ಹೇಳಿದ್ದು ಇಷ್ಟು.

೧. ಮೊದಲ ದಿನ

ನಾನು ಸೇರಿದ ಸಣ್ಣ ಕಂಪನಿ ಸವಣೂರಿನಲ್ಲಿ ಖಾರ ಎಂಬ ಕುರುಕಲು ತಿಂಡಿ ಕರಿದು ಮಾರುವ ಅಂಗಡಿಗೆ ಆರ್ಡರ್ ತಗೊಳ್ಳುವ ಆ್ಯಪ್ ಮಾಡಿಕೊಡಲು ಒಪ್ಪಿತ್ತು. ಅವರಿಗೆ ಏನೇನು ಬೇಕೆಂದು ಕೇಳಿ ಬಾ ಎಂದು ಕಂಪನಿಯ ಸಾಹೇಬರು, ಅದೇ ಜಿಲ್ಲೆಯ ಹಾನಗಲ್ಲಿನವಳೆಂದು ನನ್ನನ್ನೇ ಅಟ್ಟಿದರು. ಅಂಗಡಿಯ ಚಾಚಾ ನನ್ನ ಲ್ಯಾಪ್‌ಟಾಪ್ ನೋಡಿ, "ಅದನ್ನ ಆಕಡೆ ಇಡವ್ವಾ. ಮೊದಲ ಖಾರ ತಿನ್ನು. ತಿನ್ನದವ್ರ ಜೋಡಿ ನಾ ಮಾತಾಡೂದಿಲ್ಲ," ಎಂದರು. ತಿಂದೆ. ಕಣ್ಣು ಮೂಗು ಸುರಿದು ಒಂದಕ್ಷರ ಬರೆಯಲಾಗಲಿಲ್ಲ. ಸಂಜೆ ಸಾಹೇಬರು ಫೋನಿನಲ್ಲಿ, "ಏನೇನು ತಂದಿ?" ಎಂದರು.

"ಅರ್ಧ ಕಿಲೋ ಖಾರ ತಂದೇನ್ರಿ ಸರ್."

೨. 'ಇಲ್ಲ' ಎಂಬ ಗುಂಡಿ

ಒಂದು ಸಲ ಒತ್ತಿದರೆ ಆರ್ಡರ್ ಮುಗಿಯುವಂತೆ ಮಾಡಿ ಬೀಗಿದೆ. ಮೊದಲ ಗಿರಾಕಿ ಒಬ್ಬ ಅಜ್ಜ. ಒತ್ತುವುದು ಬಿಟ್ಟು ಅಂಗೈ ಚಾಚಿದರು. "ಚೂರು ಹಾಕವ್ವಾ. ರುಚಿ ನೋಡದ ಯಾರ್ ತಗೋತಾರ?"

ಇಲ್ಲಿ ಮೊದಲು ಒಂದು ಮುಷ್ಟಿ ಬಾಯಿಗೆ, ಆಮೇಲೆ ಪೊಟ್ಟಣ. ನಮ್ಮ ಪಠ್ಯದಲ್ಲಿ ಅದು ಇರಲಿಲ್ಲ. ಮರುದಿನ 'ರುಚಿ ನೋಡಿದಿರಾ?' ಎಂದು ಕೇಳಿ, 'ಹೌದು', 'ಇಲ್ಲ' ಎಂದು ಎರಡು ಗುಂಡಿ ಇಟ್ಟೆ. 'ಇಲ್ಲ' ಒತ್ತಿದರೆ ಒಂದು ಮುಷ್ಟಿ ಖಾರ ಬರುತ್ತದೆಂದು ಊರಿಗೆಲ್ಲ ಗೊತ್ತಾಯಿತು. ಅಜ್ಜ ನಾಲ್ಕನೇ ಸಲವೂ 'ಇಲ್ಲ' ಒತ್ತಿ ಅಂಗೈ ಚಾಚಿದರು.

೩. ಬೆರಳು

ಅಂಗಡಿಯ ಫೋನಿನಲ್ಲಿ ಆ್ಯಪ್ ತೆರೆಯುವ ಪಾಸ್‌ವರ್ಡ್ ಗುಟ್ಟಾಗಿರಬೇಕು ಎಂದು ಚಾಚಾಗೆ ಹತ್ತು ಸಲ ಹೇಳಿದ್ದೆ. ಮರುದಿನ ನೋಡಿದರೆ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. "ನಾ ಇಲ್ಲದಾಗ ಕೆಲಸದವ್ರು ತಗೀಬೇಕಲ್ಲವ್ವಾ?" ಎಂದರು.

ನನಗೆ ಸಿಟ್ಟು ಬಂತು. ಬೆರಳಚ್ಚನ್ನು ಗೋಡೆಗೆ ಹೇಗೆ ಬರೀತಾರೋ ನೋಡೋಣ ಎಂದು ಅದನ್ನೇ ಜೋಡಿಸಿದೆ. ಚಾಚಾ ಟವೆಲ್ಲಿಗೆ ಒರೆಸಿ, ಸೋಪು ಹಚ್ಚಿ ತೊಳೆದು ಒತ್ತಿದರೂ ಫೋನು ಒಪ್ಪಲಿಲ್ಲ. ನಲವತ್ತು ವರ್ಷ ಕುದಿಯುವ ಎಣ್ಣೆಯ ಮುಂದೆ ಕುಳಿತವರ ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ. ಕೆಲಸದವರದೂ ಅದೇ ಕಥೆ. ಸದ್ಯಕ್ಕೆ ಇರಲಿ ಎಂದು ನನ್ನ ಬೆರಳನ್ನೇ ಕೊಟ್ಟೆ. ದಿನಾ ನಾನೇ ತೆರೆದುಕೊಡುತ್ತ, ಅದನ್ನು ಬದಲಿಸುವುದೇ ಮರೆತೆ.

ಕೊನೆಯ ದಿನ ಸಾಹೇಬರೇ ಬಂದರು. ಆ್ಯಪ್ ನಡೆಯುತ್ತಿದೆ ಎಂದು ಚಾಚಾ ಸಹಿ ಮಾಡಿದರಷ್ಟೇ ನನಗೆ ಸರ್ಟಿಫಿಕೇಟು, ಅದಿದ್ದರಷ್ಟೇ ಪಾಸು.

"ತಗದು ತೋರಸ್ರಿ ಚಾಚಾ," ಎಂದರು ಸಾಹೇಬರು.

ಚಾಚಾ ಫೋನನ್ನು ನನ್ನ ಮುಂದೆ ಹಿಡಿದರು. ನಾನು ಒತ್ತಿದೆ, ತೆರೆಯಿತು. ಸಾಹೇಬರು ನನ್ನನ್ನು ದುರುಗುಟ್ಟಿ ನೋಡಿದರು. ನಾನು ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ಹುಡುಗಿ ಛಲೋ ಮಾಡ್ಯಾಳ್ರಿ," ಎಂದು ಚಾಚಾ ಕಾಗದಕ್ಕೆ ಸಹಿ ಹಾಕಿದರು. ಅದನ್ನು ತಗೊಳ್ಳಲು ಕೈ ಚಾಚಿದೆ. ಚಾಚಾ ಕಾಗದದ ಇನ್ನೊಂದು ತುದಿ ಬಿಡಲಿಲ್ಲ.

"ಕಾಗದ ಒಯ್ಯವ್ವಾ, ಬ್ಯಾಡ ಅನ್ನೂದಿಲ್ಲ. ಬೆರಳು ಮಾತ್ರ ಇಲ್ಲೇ ಇಟ್ಟು ಹೋಗು."