ಖಾಲಿ ಡಬ್ಬ ವಾಪಸ್ಸು ಕೊಡುವ ಮಾವ

ಖಾಲಿ ಡಬ್ಬದ ಮೇಲೆ ನನ್ನ ಸೋದರಮಾವನಿಗಿರುವಷ್ಟು ಪ್ರೀತಿ ಈ ಬೆಂಗಳೂರಿನಲ್ಲಿ ಇನ್ನೊಬ್ಬರಿಗಿಲ್ಲ. ಇದ್ದರೆ ದಯವಿಟ್ಟು ಪರಿಚಯ ಮಾಡಿಸಿ. ಒಂಟಿ ಮನುಷ್ಯ, ಮಾತಾಡಲು ಯಾರಾದರೂ ಬೇಕು.

ಅವನ ಕೆಲಸವೇ ಅದು. ಪ್ರಯೋಗಾಲಯದಲ್ಲಿ ನಯೋಬಿಯಂ ಎಂಬ ಲೋಹದ ಡಬ್ಬ ಮಾಡುತ್ತಾನೆ. ಅದನ್ನು ನಂಬಲಾಗದಷ್ಟು ತಣ್ಣಗೆ ಮಾಡಿದರೆ ವಿದ್ಯುತ್ತು ತಡೆಯಿಲ್ಲದೆ ಹರಿಯುತ್ತದಂತೆ, ಒಳಗೆ ಹುಟ್ಟಿದ ಸಣ್ಣ ಕಂಪನವೂ ಬೇಗ ಸಾಯುವುದಿಲ್ಲವಂತೆ. ಜಗತ್ತಿನ ತುಂಬ ಇರುವ ಕಾಣದ ದ್ರವ್ಯ, ಅಂದರೆ ಡಾರ್ಕ್ ಮ್ಯಾಟರ್, ಆಕ್ಸಿಯಾನ್ ಎಂಬ ಕಣಗಳಿಂದ ಆಗಿದ್ದರೆ, ಆಯಸ್ಕಾಂತದ ನಡುವೆ ಇಟ್ಟ ಈ ಡಬ್ಬದಲ್ಲಿ ಎಂದಾದರೂ ಒಂದು ಪಿಸುಮಾತು ಕೇಳಿಸಬಹುದು. ತೊಂದರೆ ಒಂದೇ: ಆಕ್ಸಿಯಾನಿಗೆ ಆಯಸ್ಕಾಂತ ಬೇಕೇ ಬೇಕು, ಡಬ್ಬಕ್ಕೆ ಆಯಸ್ಕಾಂತ ಕಂಡರಾಗದು, ಹತ್ತಿರ ಬಂದರೆ ಆ ತಡೆಯಿಲ್ಲದ ಹರಿವೇ ಕೆಡುತ್ತದೆ. ಜಗಳವಾಡಿದ ಬೀಗರಿಬ್ಬರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಹಾಗೆ. ಮಾವನ ಕೂದಲು ಉದುರಿದ್ದು ಆ ಪಂಕ್ತಿಯಲ್ಲೇ.

ಇಂಥವನಿಗೆ ಅಮ್ಮ ಚಾಮರಾಜಪೇಟೆಯಿಂದ ಎನ್.ಆರ್. ಕಾಲೋನಿಗೆ ನನ್ನ ಸ್ಕೂಟರಿನಲ್ಲಿ ಸಾರು ಕಳಿಸುತ್ತಿದ್ದಳು. ಡಬ್ಬ ಕನ್ನಡಿಯಂತೆ ಹೊಳೆಯುತ್ತ ವಾಪಸ್ಸು ಬರುತ್ತಿತ್ತು. ಖಾಲಿ! ಕೊಟ್ಟ ಮನೆಗೆ ಖಾಲಿ ಡಬ್ಬ ಕಳಿಸಬಾರದೆಂದು ಮಗುವಿಗೂ ಗೊತ್ತಲ್ಲವೇ? ಅಮ್ಮ ಕೂಡಲೇ ಫೋನ್ ಮಾಡುತ್ತಿದ್ದಳು.

“ಲೋ, ನಾಲ್ಕು ಕಾಳು ಸಕ್ಕರೆಗೂ ಗತಿ ಇಲ್ವಾ ನಿನ್ ಮನೇಲಿ?”

“ಖಾಲಿ ಅಂತ ಯಾರಕ್ಕಾ ಹೇಳಿದ್ದು? ಅದರ ತುಂಬ ಡಾರ್ಕ್ ಮ್ಯಾಟರ್ ಇದೆ.”

“ಮುದ್ದೆಗೆ ಅದನ್ನೇ ಹಚ್ಕೊಂಡು ತಿನ್ನು. ಇನ್ಮೇಲೆ ಸಾರು ಕಳ್ಸಲ್ಲ.”

ಆಮೇಲೆ ಅರ್ಧ ಗಂಟೆ ಮಾತು: ಮೊಣಕಾಲು ನೋವು, ಊರಿನ ಹೊಲದ ಬೇಲಿ, ಆಯಸ್ಕಾಂತ. ಮುಂದಿನ ವಾರ ಮತ್ತೆ ಸಾರು.

ಒಮ್ಮೆ ನಾನೇ ಕೇಳಿದೆ: “ಒಂದು ಚಮಚ ಸಕ್ಕರೆ ಹಾಕಿದ್ರೆ ಏನಾಗುತ್ತೆ ಮಾವ?”

“ಹಾಕಿದ್ರೆ ನಿಮ್ಮಮ್ಮ ಫೋನ್ ಮಾಡಲ್ಲ ಕಣೋ.”

ಹೀಗೇ ಅಂದನೋ, ಆಮೇಲೆ ನಾನು ತಿದ್ದಿಕೊಂಡೆನೋ, ಪ್ರಮಾಣ ಮಾಡಲಾರೆ. ನೆನಪು ಸಕ್ಕರೆ ಸೇರಿಸದೆ ಏನನ್ನೂ ವಾಪಸ್ಸು ಕೊಡುವುದಿಲ್ಲ.

ಅಮ್ಮ ಹೋದ ವರ್ಷ ತೀರಿಕೊಂಡಳು. ಅವಳ ಒಂದು ಡಬ್ಬ ಮಾವನ ಮನೆಯಲ್ಲೇ ಉಳಿದಿತ್ತು. ಕೇಳುವುದು ಹೇಗೆ? ತಿಂಗಳುಗಟ್ಟಲೆ ಸುಮ್ಮನಿದ್ದೆ. ಮೊನ್ನೆ ಸಂಜೆ ಅವನೇ ಬಂದ. ಕೂರಲಿಲ್ಲ. ಡಬ್ಬವನ್ನು ಅಡುಗೆಕಟ್ಟೆಯ ಮೇಲಿಟ್ಟು, “ನಿಮ್ಮಮ್ಮಂದು,” ಅಂದು ಹೊರಟುಹೋದ. ಮುಚ್ಚಳ ತೆಗೆದೆ. ಹೊಳೆಯುತ್ತಿತ್ತು. ಏನೂ ಇರಲಿಲ್ಲ.

ಅವನು ಮನೆ ಸೇರುವಷ್ಟು ಹೊತ್ತು ಕಾದು ಫೋನ್ ಮಾಡಿದೆ.

“ಮಾವ, ನಾಲ್ಕು ಕಾಳು ಸಕ್ಕರೆಗೂ ಗತಿ ಇಲ್ವಾ ನಿನ್ ಮನೇಲಿ?”

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು.

“ನಯೋಬಿಯಂ ಡಬ್ಬ ತಡ್ಕೊಂಡ್ತು ಕಣೋ,” ಅಂದ. “ಆಯಸ್ಕಾಂತದ ಒಳಗೇನೆ. ಲ್ಯಾಬಲ್ಲಿ ಎಲ್ರಿಗೂ ಗೊತ್ತು. ನಮ್ಮೋರಿಗೆ ಯಾರಿಗೂ ಹೇಳಿರ್ಲಿಲ್ಲ.”

“ಭಾನುವಾರ ಸಾರು ತರ್ತೀನಿ,” ಅಂದೆ. “ಡಬ್ಬ ಮಾತ್ರ...”

“ಖಾಲೀನೇ ಕೊಡ್ತೀನಿ,” ಅಂದ ಮಾವ.