ನಾಲ್ಕು ಚರಣ ಸೇರಿ ಒಂದು ಹಾಡು

ಸೋಮವಾರಪೇಟೆಯಲ್ಲಿ ಇಷ್ಟು ವರ್ಷದಿಂದ ಸಂಗೀತ ಪಾಠ ಹೇಳುತ್ತಿದ್ದೇನೆ. ನಾನು ಶ್ರುತಿ ಹಿಡಿದ ಕಡೆಗೆಲ್ಲ ಏನಾದರೊಂದು ಎಡವಟ್ಟು ತಾನಾಗಿ ಹುಡುಕಿಕೊಂಡು ಬರುತ್ತದೆ. ಉಳಿದದ್ದೆಲ್ಲ ಇರಲಿ, ನಾನೇ ರಾಗ ಹಾಕಿದ ಮೊದಲ ಹಾಡಿನ ಕತೆ ಕೇಳಿ. ಅಲ್ಲಿಯವರೆಗೆ ನಾನು ಹಾಡಿದ್ದು, ಕಲಿಸಿದ್ದು ಎಲ್ಲ ಬೇರೆಯವರು ಕಟ್ಟಿದ್ದೇ. ಹಾಗಾಗಿ ನಮ್ಮ ಮಹಿಳಾ ಸಂಘದವರು ಹೊಸ ಕಟ್ಟಡದ ಉದ್ಘಾಟನೆಗೆ ಹಾಡು ಮಾಡಿಕೊಡಿ ಎಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದ್ದ ಆಸೆ ಒಂದೇ: ಕೇಳಿದವರು ಇದು ತೇಪೆ ಹಾಕಿದ್ದಲ್ಲ, ಇಡಿಯಾದ ಒಂದು ಹಾಡು ಅನ್ನಬೇಕು.

೧. ಟ್ಯಾಂಕಿಗೂ ಒಂದು ರಾಗ

ಸಾಹಿತ್ಯ ಬರೆದವರು ಸಂಘದ ನಾಲ್ವರು, ತಲೆಗೊಂದು ಚರಣ. ಅಧ್ಯಕ್ಷೆ ಬೆಟ್ಟದ ಮೇಲೆ ಬರೆದರು, ಕಾರ್ಯದರ್ಶಿ ಕಾಫಿ ಹೂವಿನ ಮೇಲೆ, ಶಿರಂಗಾಲದ ಸದಸ್ಯೆ ತಾಯಿಯ ಮೇಲೆ. ಖಜಾಂಚಿ ಅಕ್ಕ ಬರೆದದ್ದು ಹೊಸ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ.

"ಹಾಡಲ್ಲಿ ಟ್ಯಾಂಕ್ ಎಂತಕ್ಕೆ ಅಕ್ಕಾ?" ಎಂದೆ.

"ಅದನ್ನ ಕಟ್ಟಿಸಿಕೊಟ್ಟಿದ್ದು ನಮ್ಮ ಯಜಮಾನ್ರು. ಮುಂದಿನ ಸಾಲಲ್ಲೇ ಕೂತಿರ್ತಾರೆ."

ನಾನು ಉತ್ಸಾಹದಲ್ಲಿ ಬೆಟ್ಟಕ್ಕೊಂದು ರಾಗ, ಹೂವಿಗೊಂದು, ತಾಯಿಗೊಂದು, ಟ್ಯಾಂಕಿಗೂ ಗಂಭೀರವಾದದ್ದೊಂದು ಹಾಕಿ ಮನೆಯಲ್ಲಿ ನನ್ನ ಯಜಮಾನರ ಮುಂದೆ ಹಾಡಿದೆ. ಅವರು ಪೇಪರ್ ಮಡಚಿಟ್ಟು, ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

"ಚೆನ್ನಾಗಿದೆ ಕಣೇ. ಈ ನಾಲ್ಕು ಹಾಡಲ್ಲಿ ಯಾವುದನ್ನ ಹಾಡ್ತೀರಿ?"

೨. ಆಗಲೇ ಬಂತಲ್ಲ!

ಅವಮಾನವಾದರೂ ಅವರು ಹೇಳಿದ್ದು ನಿಜವೇ. ನಾಲ್ಕು ರಾಗಗಳನ್ನೂ ಬಿಟ್ಟು ಎಲ್ಲ ಚರಣಕ್ಕೂ ಮೋಹನ ರಾಗವೊಂದನ್ನೇ ಇಟ್ಟುಕೊಂಡೆ. ಪ್ರತಿ ಚರಣದ ಕೊನೆಗೂ "ನಮ್ಮೂರು, ನಮ್ಮೋರು" ಎಂಬ ಪುಟ್ಟ ಸಾಲು ಅದೇ ಧಾಟಿಯಲ್ಲಿ ತಿರುಗಿ ಬರುವಂತೆ ಮಾಡಿದೆ. ಚರಣಗಳು ಒಂದಕ್ಕೊಂದು ಅಂಟಿಕೊಂಡವು. ನನಗೆ ನಾನೇ ಭೇಷ್ ಅಂದುಕೊಂಡೆ.

ಸಂಘದವರೆಲ್ಲರ ಮುಂದೆ ಹಾಡಿ ತೋರಿಸಿದಾಗ ಅಧ್ಯಕ್ಷೆ ಮಾತ್ರ ಎರಡನೇ ಚರಣಕ್ಕೇ ಕೈ ಎತ್ತಿದರು. "ಟೀಚರೇ, ಈ ಸಾಲು ಆಗಲೇ ಬಂತಲ್ಲ?"

"ಹೌದು ಮೇಡಂ. ತಿರುಗಿ ಬಂದರೇ ಹಾಡು ಒಂದು ಅನ್ನಿಸೋದು."

"ಜನ ಮುಂದಿಂದು ಮರೆತೋಗಿದೆ ಅಂದುಕೊಳ್ತಾರೆ."

"ನಿಮ್ಮ ಭಾಷಣದಲ್ಲೂ 'ಈ ಶುಭ ಸಂದರ್ಭದಲ್ಲಿ' ಅನ್ನೋದು ತಿರುಗಿ ತಿರುಗಿ ಬರುತ್ತಲ್ಲ ಮೇಡಂ?"

"ಅದೇ ಹೇಳ್ತಿರೋದು! ಅದು ಬರೋದು ನನಗೆ ಮುಂದಿಂದು ಮರೆತೋದಾಗಲೇ!"

೩. ವಾಟ್ಸಾಪ್ ಪಾಠ

ಶಿರಂಗಾಲದ ಸದಸ್ಯೆಗೆ ಅಭ್ಯಾಸಕ್ಕೆಂದು ದಿನಾ ಬಸ್ಸಲ್ಲಿ ಬರುವುದು ಕಷ್ಟ. ಅವರಿಗಾಗಿ ಪೂರ್ತಿ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ. ಪಾಪ, ಬಹಳ ಶ್ರದ್ಧೆಯ ಹೆಂಗಸು, ಒಂದು ಸ್ವರವೂ ಆಚೀಚೆ ಆಗದಂತೆ ಕಲಿತುಕೊಂಡು ಬಂದರು.

ಎಲ್ಲರೂ ಸೇರಿ ಹಾಡಿದೆವು. ಮೊದಲ ಚರಣ ಮುಗಿಯಿತು, "ನಮ್ಮೂರು, ನಮ್ಮೋರು" ಬಂತು. ಕೂಡಲೇ ಅವರು ಮೂಗಿಗೆ ಗಾಳಿ ಎಳೆದುಕೊಂಡು ಜೋರಾಗಿ "ಸ್ಸ್ಸ್ಸೂಂಯ್" ಅಂದರು! ಎರಡನೇ ಚರಣ ಆದಮೇಲೂ "ಸ್ಸ್ಸ್ಸೂಂಯ್"!

"ಇದೆಂತದು ಮಾರಾಯ್ತಿ?" ಎಂದೆ.

"ನೀವು ಕಳಿಸಿದ್ರಲ್ಲಿ ಇತ್ತಲ್ಲ ಟೀಚರೇ!"

ಫೋನ್ ತೆಗೆದು ಕೇಳಿದೆ. ನಾನು ಹಾಡಿದ್ದು ಅಡುಗೆಮನೆಯಲ್ಲಿ. ಹಿಂದೆ ಕುಕ್ಕರು ಸರಿಯಾಗಿ ಚರಣ ಚರಣಕ್ಕೂ ಸೀಟಿ ಹಾಕಿದೆ.

"ತಿರುಗಿ ಬಂದರೇ ಹಾಡು ಒಂದು ಅನ್ನಿಸೋದು ಅಂತ ನೀವೇ ಹೇಳಿದ್ದಲ್ವಾ?" ಅಂದರು ಅವರು, ಸ್ವಲ್ಪ ಬೇಜಾರಿನಲ್ಲೇ. "ನಂಗೆ ಹಾಡಲ್ಲಿ ಎಲ್ಲಕ್ಕಿಂತ ಇಷ್ಟ ಆಗಿದ್ದೇ ಅದು."

೪. ಉದ್ಘಾಟನೆ

ಮೊದಲ ಚರಣಕ್ಕೂ ಎರಡನೆಯದಕ್ಕೂ ನಡುವೆ ಸ್ವಲ್ಪ ವಾಲಗ ಇರಲಿ, ನಮ್ಮ ಕಡೆಯ ಕಳೆ ಬರುತ್ತದೆ ಎಂದು ಕಾರ್ಯದರ್ಶಿ ಹೇಳಿದರು. ಮದುವೆಗಳಿಗೆ ನುಡಿಸುವ ತಂಡವನ್ನು ಕರೆಸಿದೆವು. ಅಭ್ಯಾಸಕ್ಕೆ ಅವರಿಗೆ ಪುರುಸೊತ್ತಿರಲಿಲ್ಲ. ಎರಡೇ ಎರಡು ಆವರ್ತನ ಸಾಕು ಎಂದು ಬಾಯಲ್ಲೇ ಹೇಳಿದ್ದೆ.

ಆ ದಿನ ಸಭಾಂಗಣ ತುಂಬಿತ್ತು. ಮೊದಲ ಚರಣ ನಾನಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. "ನಮ್ಮೂರು, ನಮ್ಮೋರು" ಮುಗಿದದ್ದೇ ವಾಲಗ ಶುರುವಾಯಿತು. ವಾಲಗ ಕೇಳಿದಮೇಲೆ ಕುಣಿಯದೆ ಕುರ್ಚಿಯಲ್ಲಿ ಕೂರುವ ಜನವೇ ನಾವು? ಮೊದಲು ಎದ್ದವರು ಖಜಾಂಚಿ ಅಕ್ಕನ ಯಜಮಾನರು. ಆಮೇಲೆ ಮುಂದಿನ ಸಾಲು, ಹಿಂದಿನ ಸಾಲು, ಕೊನೆಗೆ ಶಾಲು ಹೊದ್ದ ಮುಖ್ಯ ಅತಿಥಿಯೂ ಎದ್ದರು.

ನಿಲ್ಲಿಸಿ, ನಿಲ್ಲಿಸಿ ಎಂದು ನಾನು ವಾಲಗದವರಿಗೆ ಎರಡೂ ಕೈ ಬೀಸಿದೆ. ಕೈ ಬೀಸಿದವರೆಲ್ಲ ಅವರ ಲೆಕ್ಕದಲ್ಲಿ ಕುಣಿಯುವವರೇ. ನನ್ನ ಕಡೆ ನೋಡಿ ತಲೆಯಾಡಿಸಿ ಇನ್ನೂ ಜೋರು ಮಾಡಿದರು. ನನ್ನ ಗಾಯಕಿಯರು ಒಬ್ಬೊಬ್ಬರೇ ಸೆರಗು ಸಿಕ್ಕಿಸಿ ವೇದಿಕೆ ಇಳಿದರು. "ಅಕ್ಕಾ, ಟ್ಯಾಂಕಿನ ಚರಣ!" ಎಂದು ಕೂಗಿದೆ. "ಅವರೇ ಕುಣೀತಿದಾರೆ, ಇನ್ಯಾರಿಗೆ ಹಾಡೋದು?" ಎಂದು ಖಜಾಂಚಿ ಅಕ್ಕ ಹೊರಟೇಹೋದರು. ನನಗೆ ಅಳು ಬಂತು, ನಗುವೂ ಬಂತು. ಕೊನೆಗೆ ನಗುವೇ ಗೆದ್ದು ನಾನೂ ಇಳಿದು ಕುಣಿದೆ.

ಕುಣಿತ ನಿಂತದ್ದು ಊಟದ ಗಂಟೆಗೆ. ಉಳಿದ ಮೂರು ಚರಣಗಳನ್ನು ಇವತ್ತಿಗೂ ಯಾರೂ ಕೇಳಿಲ್ಲ. ನಾನು ಮೂಲೆಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಮುಖ್ಯ ಅತಿಥಿ ಏದುಸಿರು ಬಿಡುತ್ತಾ ಬಂದು ಕೈ ಮುಗಿದರು.

"ಎಷ್ಟೋ ಸಮಾರಂಭದ ಹಾಡು ಕೇಳಿದೀನಿ ಟೀಚರೇ, ಬರೀ ತುಂಡು ತುಂಡು. ನಿಮ್ಮ ಹಾಡು ನೋಡಿ, ಎಲ್ಲೂ ಚರಣ ಬದಲಾಗಿದ್ದೇ ಗೊತ್ತಾಗಲಿಲ್ಲ!"